ಆಡಿಷನ್‌ಗೆ ಹೋಗು, ಪಾಠ ಬಿಡಬೇಡ

ಹಾವೇರಿ ಕಡೆಯ ಓದುಗರೊಬ್ಬರ ಪತ್ರದ ಸಾರ ಇದು: ನನಗೆ 19 ವರ್ಷ. ಏಳು ವರ್ಷದಿಂದ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಶನಿವಾರ ರೈಲಿನಲ್ಲಿ ಹುಬ್ಬಳ್ಳಿಗೆ ಪಾಠಕ್ಕೆ ಹೋಗುತ್ತೇನೆ. ಈಗ ಟಿವಿ ಹಾಡಿನ ಸ್ಪರ್ಧೆಗೆ ಆಡಿಷನ್ ಕರೆದಿದ್ದಾರೆ. "ಒಮ್ಮೆ ಟಿವಿಯಾಗ ಬಂದ್ರ ಜೀವನಾ ಸೆಟ್ಲ್ ಆತು" ಅಂತ ಅಪ್ಪ ಹೇಳುತ್ತಾರೆ. "ಅಲ್ಲಿಗೆ ಹೋದರೆ ಮತ್ತೆ ಪಾಠಕ್ಕೆ ಬರಬೇಡ" ಅಂತ ಗುರುಗಳು ಹೇಳಿದ್ದಾರೆ. ಸರ್, ನಾನು ಯಾರ ಮಾತು ಕೇಳಲಿ?

ತಂಗಿ,

ಹೋಗು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಡಿಷನ್ ದಿನ ಹತ್ತಿರ ಇದೆ. ಆದರೆ ನಿನ್ನ ಅಪ್ಪ ಹೇಳುವ ಕಾರಣಕ್ಕೆ ಹೋಗಬೇಡ.

ಗುರುಗಳ ಸಿಟ್ಟು ನನಗೆ ಅರ್ಥವಾಗುತ್ತದೆ. ಏಳು ವರ್ಷ ಎದುರಿಗೆ ಕೂರಿಸಿಕೊಂಡು ನಿನ್ನ ಒಂದೊಂದು ಸ್ವರ ತಿದ್ದಿದವರು ಅವರು. ಯಮನ್ ರಾಗದ ಆಲಾಪಕ್ಕೇ ಅರ್ಧ ಗಂಟೆ ಬೇಕು ಅನ್ನುವವರಿಗೆ ಎರಡು-ಮೂರು ನಿಮಿಷದಲ್ಲಿ ಹಾಡು ಮುಗಿಸಿ ಅಂಕ ಕಾಯುವುದು ಸಂಕಟದ ಮಾತೇ. ಆದರೂ ನಮ್ಮ ಭಾಗದ ಸಂಗೀತ ಜನ ಸೇರುವ ವೇದಿಕೆಯಿಂದ ದೂರ ಇದ್ದದ್ದೇ ಇಲ್ಲ. ಕುಂದಗೋಳದ ರಾಮಭಾವು ಅವರಿಗೆ 'ಸವಾಯಿ ಗಂಧರ್ವ' ಎಂಬ ಹೆಸರು ಬಂದದ್ದೇ ನಾಟಕದ ರಂಗದಿಂದ. ಸ್ತ್ರೀ ಪಾತ್ರ ಹಾಕಿ ಹಾಡಿದವರು ಅವರು. ಮಲ್ಲಿಕಾರ್ಜುನ ಮನ್ಸೂರರೂ ಚಿಕ್ಕಂದಿನಲ್ಲಿ ನಾಟಕ ಕಂಪನಿಯಲ್ಲಿದ್ದರು. ಗದಗಿನ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ನಡೆಸಿ, ಅದರ ದುಡ್ಡಿನಲ್ಲಿ ವೀರೇಶ್ವರ ಪುಣ್ಯಾಶ್ರಮದ ಮಕ್ಕಳಿಗೆ ಊಟ ಹಾಕಿದರು. ಆ ಕಾಲಕ್ಕೆ ನಾಟಕ ಇದ್ದ ಜಾಗದಲ್ಲಿ ಈಗ ಟಿವಿ ಇದೆ.

ಇನ್ನು ಗಂಗೂಬಾಯಿ ಹಾನಗಲ್ಲರ ವಿಷಯ. ಇದನ್ನು ನಿನ್ನ ಅಪ್ಪನಿಗೂ ಓದಿ ಹೇಳು. 1930ರ ದಶಕದ ಮೊದಲ ವರ್ಷಗಳಲ್ಲೇ ಅವರ ಗ್ರಾಮೊಫೋನ್ ಪ್ಲೇಟುಗಳು ಬಂದವು. ಪ್ಲೇಟಿನ ಮೇಲೆ 'ಗಾಂಧಾರಿ' ಅಂತ ಹೆಸರು. ಆಗಿನ್ನೂ ಇಪ್ಪತ್ತರ ಆಸುಪಾಸಿನ ಹುಡುಗಿ. ಹೆಸರು ಬಂತು, ಇನ್ನೇನು ಬೇಕು ಅಂತ ಕೂರಬಹುದಿತ್ತು, ಅಲ್ವಾ? ಅವರು ಕೂರಲಿಲ್ಲ. ಆ ದಶಕದ ಕೊನೆಯ ಹೊತ್ತಿಗೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಸವಾಯಿ ಗಂಧರ್ವರ ಹತ್ತಿರ ಕಲಿತರು. ಮನೆ, ಮಕ್ಕಳು ಎಲ್ಲ ಇದ್ದೂ ಹೋದರು. ನಾವು ಇವತ್ತು ಕೈ ಮುಗಿಯುವ ಗಂಗೂಬಾಯಿ ಆದದ್ದು ಪ್ಲೇಟು ಬಂದ ಮೇಲಿನ ಈ ಪಾಠದಿಂದ. ನೀನು ಶನಿವಾರ ಹತ್ತುವ ರೈಲು ಅದೇ ಕುಂದಗೋಳ ದಾಟಿ ಹುಬ್ಬಳ್ಳಿಗೆ ಬರುತ್ತದೆ.

ಗೆಲ್ಲುವ ಚಿಂತೆ ಜಾಸ್ತಿ ಬೇಡ. ನಿನ್ನ ಜಿಲ್ಲೆಯವರೇ ಆದ ಹನುಮಂತ, ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯವರು, ಟಿವಿಯ ಸರಿಗಮಪ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಪಡೆಯಲಿಲ್ಲ. ಆದರೆ ಕುರಿ ಕಾಯುತ್ತಾ ಬೆಳೆದ ಆ ದನಿಯನ್ನು ಜನ ಮರೆಯಲಿಲ್ಲ. ಅವರು ಬೇರೆ ಯಾರ ಹಾಗೂ ಹಾಡಲು ಹೋಗಲಿಲ್ಲ. ಅರಿಜಿತ್ ಸಿಂಗ್ 2005ರಲ್ಲಿ ಹಿಂದಿಯ ಟಿವಿ ಸ್ಪರ್ಧೆಯಿಂದ ಫೈನಲ್‌ಗೆ ಮೊದಲೇ ಹೊರಬಿದ್ದರು. ಆಮೇಲೆ ವರ್ಷಗಟ್ಟಲೆ ಸ್ಟುಡಿಯೋಗಳಲ್ಲಿ ದುಡಿದರು. ದೊಡ್ಡ ಹೆಸರು ಬಂದದ್ದು 2013ರಲ್ಲಿ.

ನನಗೆ ಭಯ ಇರುವುದು ಶೋ ಮುಗಿದ ಮೇಲಿನ ಆರು ತಿಂಗಳ ಬಗ್ಗೆ. ನಮ್ಮ ಓಣಿಯ ಹುಡುಗನೊಬ್ಬ ಹೀಗೇ ಟಿವಿಯಲ್ಲಿ ಹಾಡಿ ಬಂದ. ಊರಿಗೆ ಬಂದಾಗ ಹಲಗೆ ಬಾರಿಸಿ ಮೆರವಣಿಗೆ ಮಾಡಿದೆವು. ನಾನೂ ಹಾರ ಹಾಕಿದೆ. ಆ ವರ್ಷದ ಜಾತ್ರೆಗಳಲ್ಲೆಲ್ಲ ಅವನದೇ ರಸಮಂಜರಿ. ಎಲ್ಲಿ ಹೋದರೂ ಟಿವಿಯಲ್ಲಿ ಹಾಡಿದ ಅದೇ ನಾಲ್ಕು ಹಾಡು. ರಾತ್ರಿ ಎರಡರವರೆಗೆ ಹಾಡು, ಬೆಳಗ್ಗೆ ಇನ್ನೊಂದು ಊರು. ರಿಯಾಜಿಗೆ, ಅಂದರೆ ದಿನದ ಅಭ್ಯಾಸಕ್ಕೆ, ಹೊತ್ತೇ ಇಲ್ಲ. ಗಂಟಲು ಒಡೆಯಿತು. ಮುಂದಿನ ಜಾತ್ರೆ ಹೊತ್ತಿಗೆ ಟಿವಿಯಲ್ಲಿ ಹೊಸ ಹುಡುಗರು ಬಂದಿದ್ದರು. ಇವನ ಫೋನ್ ಸುಮ್ಮನಾಯಿತು. ಹಾರ ಹಾಕಿದ ನಾವು ಯಾರೂ ಅವನಿಗೆ "ಪಾಠಕ್ಕೆ ಹೋಗ್ತಿದ್ದೀಯೇನಪ್ಪಾ" ಅಂತ ಕೇಳಲಿಲ್ಲ. ಆ ನೋವು ನನಗೆ ಇನ್ನೂ ಇದೆ. ಅದಕ್ಕೇ ನಿನಗೆ ಇಷ್ಟುದ್ದ ಬರೆಯುತ್ತಿದ್ದೇನೆ.

ಹೋಗುವ ಮೊದಲೇ ನಿನ್ನ ಗಂಟು ಕಟ್ಟಿಕೋ. ವಚನ, ದಾಸರ ಪದ, ಶಿಶುನಾಳ ಶರೀಫರ ತತ್ವಪದ, ಭಾವಗೀತೆ, ಒಂದೆರಡು ಚಿಕ್ಕ ಖ್ಯಾಲು (ರಾಗದ ಬಂದಿಶ್ ಹಿಡಿದು ಹಾಡುವ ಹಿಂದೂಸ್ತಾನಿ ಗಾಯನ), ಎಲ್ಲ ಸೇರಿ ಎರಡು ಗಂಟೆ ನೀನೊಬ್ಬಳೇ ಹಾಡುವಷ್ಟು ಇರಲಿ. ತಬಲಾ, ಪೇಟಿ (ಹಾರ್ಮೋನಿಯಂ) ನುಡಿಸುವವರ ಜೊತೆ ಕೂತು ನಾಲ್ಕಾರು ಹಾಡು ಚೆನ್ನಾಗಿ ರೆಕಾರ್ಡ್ ಮಾಡಿ ನಿನ್ನದೇ ಯೂಟ್ಯೂಬ್ ಚಾನೆಲ್‌ನಲ್ಲಿ ಹಾಕು. ಟಿವಿಯಲ್ಲಿ ನಿನ್ನನ್ನು ಕಂಡವರು ಹುಡುಕಿಕೊಂಡು ಬಂದರೆ ಅಲ್ಲಿ ಏನಾದರೂ ಸಿಗಬೇಕಲ್ಲ. ನಿನ್ನ ಪಟ್ಟಿ, ಅಂದರೆ ನಿನ್ನ ದನಿಗೆ ಒಗ್ಗುವ ಶ್ರುತಿ ಯಾವುದು, ಪೇಟಿಯ ಕಪ್ಪು ಮನೆಗಳಲ್ಲಿ ಕಾಳಿ ನಾಲ್ಕೋ ಐದೋ, ಅದನ್ನು ಧೈರ್ಯವಾಗಿ ಹೇಳು. ಸಿನಿಮಾ ಹಾಡನ್ನು ಮೂಲ ಪಟ್ಟಿಯಲ್ಲೇ ಹಾಡಲು ಹೋಗಿ ದನಿ ಒತ್ತಬೇಡ. ಧಾರವಾಡ ಆಕಾಶವಾಣಿಯ ಆಡಿಷನ್‌ಗೂ ತಯಾರಿ ನಡೆಸು. ಅಲ್ಲಿ ಸಿಗುವ ಗ್ರೇಡ್‌ಗೆ ಮುಂದಿನ ಸೀಸನ್ನಿನ ಹಂಗಿಲ್ಲ.

ಆಡಿಷನ್‌ಗೆ ಅಂತ ಯಾರಾದರೂ ದುಡ್ಡು ಕೇಳಿದರೆ ಅಲ್ಲಿಂದಲೇ ವಾಪಸ್ ಬಾ. ಆಯ್ಕೆಯಾದರೆ ಕರಾರುಪತ್ರ ಕೊಡುತ್ತಾರೆ. ಖುಷಿಯಲ್ಲಿ ಸುಮ್ನೆ ಸಹಿ ಹಾಕಬೇಡ. ಎಷ್ಟು ತಿಂಗಳು ಬೇರೆ ಕಡೆ ಹಾಡುವಂತಿಲ್ಲ, ಹೊರಗಿನ ಕಾರ್ಯಕ್ರಮದ ಸಂಭಾವನೆಯಲ್ಲಿ ಅವರಿಗೆ ಪಾಲು ಇದೆಯಾ, ನೀನು ಹಾಡಿದ ರೆಕಾರ್ಡಿಂಗ್ ಮೇಲೆ ಹಕ್ಕು ಯಾರದು, ಈ ಮೂರನ್ನು ಹಾವೇರಿಯಲ್ಲೇ ಒಬ್ಬ ವಕೀಲರಿಗೆ ತೋರಿಸಿ ತಿಳಿದುಕೋ. ಡಿಗ್ರಿ ಪರೀಕ್ಷೆ ಬಿಡಬೇಡ.

ಗುರುಗಳಿಗೆ ಮಾತ್ರ ಮುಚ್ಚಿಟ್ಟು ಹೋಗಬೇಡ. ಈ ಶನಿವಾರ ಪಾಠ ಮುಗಿದ ಮೇಲೆ ನೀನೇ ಹೇಳು. "ಹೋಗಲಾ" ಅಂತ ಕೇಳುವ ಬದಲು "ಯಾವ ಹಾಡು ಹಾಡಲಿ, ನೀವೇ ಹೇಳಿಕೊಡಿ" ಅಂತ ಕೇಳು. ಶೂಟಿಂಗ್ ಇಲ್ಲದ ವಾರ ಪಾಠಕ್ಕೆ ಬರುತ್ತೇನೆ ಅಂತ ಮಾತು ಕೊಡು, ಆ ಮಾತು ಉಳಿಸಿಕೋ. ಆಗಲೂ ಅವರು ಒಪ್ಪದಿದ್ದರೆ ನನಗೆ ಒಂದು ಕಾರ್ಡು ಬರೆ. ಅವರ ಮನೆಗೆ ನಾನೇ ಬಂದು ಮಾತಾಡುತ್ತೇನೆ.

— ಸಂಪಾದಕ