ಕ್ಯಾಂಟರ್‌ನಲ್ಲಿ ಜೀನಿನ ಮೇಲೆ ಕುಕ್ಕುತ್ತೇನೆ, ಏನು ಮಾಡಲಿ?

ಪ್ರಶ್ನೆ: ನನಗೆ 36 ವರ್ಷ. ಒಂದೂವರೆ ವರ್ಷದಿಂದ ಶನಿವಾರ, ಭಾನುವಾರ ಕುದುರೆ ಸವಾರಿ ಕಲಿಯುತ್ತಿದ್ದೇನೆ. ವಾಕ್ (ನಡಿಗೆ), ಟ್ರಾಟ್ (ನಿಧಾನ ಓಟ) ಪರವಾಗಿಲ್ಲ. ಕ್ಯಾಂಟರ್‌ಗೆ, ಅಂದರೆ ಟ್ರಾಟ್‌ಗಿಂತ ವೇಗದ ಓಟಕ್ಕೆ, ಹೋದ ತಕ್ಷಣ ಜೀನಿನ ಮೇಲೆ ಧಪಧಪ ಅಂತ ಕುಕ್ಕುತ್ತೇನೆ. ‘ಕುದುರೆ ಜೊತೆ ಹೋಗಿ’ ಎನ್ನುತ್ತಾರೆ ಕೋಚ್. ಅದಕ್ಕೆ ಸೊಂಟವನ್ನು ಜೋರಾಗಿ ಹಿಂದೆ ಮುಂದೆ ಆಡಿಸಿದರೆ ಇನ್ನೂ ಜಾಸ್ತಿ ಕುಕ್ಕುತ್ತದೆ. ಇಳಿದ ಮೇಲೆ ಬೆನ್ನು ನೋಯುತ್ತದೆ. ಕುದುರೆಯೂ ಕಿವಿ ಹಿಂದಕ್ಕೆ ಮಡಚಿಕೊಂಡು ಓಡುತ್ತದೆ. ಜೊತೆ ಹೋಗುವುದು ಅಂದರೆ ನಿಜವಾಗಿ ಏನು?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವು ಕುದುರೆಯ ಕಿವಿ ನೋಡಿದ್ದೀರಿ. ಅದು ನನಗೆ ತುಂಬಾ ಸಂತೋಷ ಕೊಟ್ಟಿತು. ನಿಮ್ಮ ಬೆನ್ನು ನೋಯುತ್ತಿದ್ದರೆ ಅದರ ಬೆನ್ನೂ ನೋಯುತ್ತಿರಬಹುದು. ಕ್ಯಾಂಟರ್‌ನಲ್ಲಿ ಕುದುರೆ ನಿಮಿಷಕ್ಕೆ ಸುಮಾರು 100 ಸಲ ನೆಲ ಬಿಟ್ಟು ಇಳಿಯುತ್ತದೆ. ಅಷ್ಟೂ ಸಲ ನಿಮ್ಮ ಮೈಭಾರ ಒಂದೇ ಜಾಗಕ್ಕೆ ಬಡಿದರೆ ಅದು ಬೆನ್ನನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಬೆನ್ನು ಗಟ್ಟಿಯಾದ ಕುದುರೆ ಇನ್ನೂ ಜಾಸ್ತಿ ಎತ್ತಿ ಹಾಕುತ್ತದೆ. ಹಾಗಾಗಿ ಇದನ್ನು ಸರಿಮಾಡುವುದು ನಿಮಗಿಂತ ಅದಕ್ಕೇ ಹೆಚ್ಚು ಬೇಕಾಗಿದೆ.

ಮೊದಲು ಕೆಳಗೆ ಏನು ನಡೆಯುತ್ತಿದೆ ಅಂತ ತಿಳಿದುಕೊಳ್ಳೋಣ. ಟ್ರಾಟ್ ಎರಡು ತಾಳದ ನಡೆ, ಟಕ್ ಟಕ್. ಕ್ಯಾಂಟರ್‌ಗೆ ಮೂರು ತಾಳ, ಆಮೇಲೆ ಒಂದು ಮೌನ. ಎಡ ಲೀಡ್‌ನಲ್ಲಿ, ಅಂದರೆ ಎಡಗಾಲುಗಳು ಹೆಚ್ಚು ಮುಂದೆ ಚಾಚುವ ಹಾಗೆ, ಓಡುತ್ತಿದೆ ಅಂದುಕೊಳ್ಳಿ. ಮೊದಲು ಬಲ ಹಿಂಗಾಲು ನೆಲಕ್ಕೆ ಬರುತ್ತದೆ. ಆಮೇಲೆ ಎಡ ಹಿಂಗಾಲು, ಬಲ ಮುಂಗಾಲು ಎರಡೂ ಒಟ್ಟಿಗೆ. ಕೊನೆಗೆ ಎಡ ಮುಂಗಾಲು. ಅದು ನೆಲ ಬಿಟ್ಟಾಗ ಒಂದು ಕ್ಷಣ ನಾಲ್ಕೂ ಗೊರಸು ಗಾಳಿಯಲ್ಲಿರುತ್ತವೆ. ಮೌನ ಅಂದಿದ್ದು ಅದಕ್ಕೇ.

ಈ ಒಂದು ಸುತ್ತಿನಲ್ಲಿ ಜೀನು ತೊಟ್ಟಿಲಿನ ಹಾಗೆ ತೂಗುತ್ತದೆ. ಹಿಂಗಾಲು ಊರಿದಾಗ ಜೀನಿನ ಮುಂಭಾಗ ಏಳುತ್ತದೆ, ಕೊನೆಯ ಮುಂಗಾಲು ಊರಿದಾಗ ತಗ್ಗುತ್ತದೆ. ಎದೆ ಇದ್ದಲ್ಲೇ ನೆಟ್ಟಗಿರಬೇಕು. ಹಾಗಾದರೆ ಈ ಏರಿಳಿತವನ್ನು ಯಾರಾದರೂ ನುಂಗಬೇಕಲ್ವಾ? ಅದು ಸೊಂಟದ ಕೀಲು ಮತ್ತು ಬೆನ್ನಿನ ಕೆಳಭಾಗದ ಕೆಲಸ. ಅವು ಬಿಗಿದುಕೊಂಡರೆ ಏರಿಳಿತ ಭುಜಕ್ಕೆ ಹೋಗುತ್ತದೆ. ಆಗ ಮೈಯೆಲ್ಲ ಹಿಂದೆ ಮುಂದೆ ತೂರಾಡುತ್ತದೆ. ಭುಜವನ್ನೂ ಬಿಗಿ ಹಿಡಿದರೆ ಹೋಗಲು ಬೇರೆ ದಾರಿ ಇಲ್ಲ, ನೀವೇ ಜೀನು ಬಿಟ್ಟು ಮೇಲೇಳುತ್ತೀರಿ.

ನೀವು ಸೊಂಟ ಆಡಿಸಿದರೂ ಯಾಕೆ ಕುಕ್ಕುತ್ತದೆ ಅನ್ನುವುದು ಇಲ್ಲೇ ಇದೆ. ಜೋಕಾಲಿಯಲ್ಲಿ ಕೂತಾಗ ಬೇರೆಯವರು ತಳ್ಳುತ್ತಿದ್ದರೆ ನಾವು ಸುಮ್ನೆ ಕೂರುತ್ತೇವೆ. ಅವರು ತಳ್ಳುವಾಗಲೇ ನಾವೂ ಜೀಕಿದರೆ ತಾಳ ತಪ್ಪಿ ಜೋಕಾಲಿ ಅಡ್ಡಾದಿಡ್ಡಿ ಹೋಗುತ್ತದೆ. ಕ್ಯಾಂಟರ್‌ನಲ್ಲಿ ತಳ್ಳುವ ಕೆಲಸ ಕುದುರೆಯದು. ಸೊಂಟವನ್ನು ಅದು ಒಯ್ಯಬೇಕು, ನೀವು ಬಿಡಬೇಕು. ಜೊತೆ ಹೋಗುವುದು ಅಂದರೆ ಇಷ್ಟೇ. ನೀವಾಗಿಯೇ ದೂಡಿದರೆ ಅದರ ತಾಳಕ್ಕಿಂತ ಒಂದು ಕೂದಲೆಳೆ ಮುಂಚೆಯೋ ತಡವೋ ಆಗುತ್ತದೆ. ಆ ಕೂದಲೆಳೆಯೇ ‘ಧಪ್’.

ಇನ್ನೊಂದು ವಿಷಯವನ್ನು ಕೋಚ್‌ಗಳು ಬಾಯಿಬಿಟ್ಟು ಹೇಳುವುದು ಕಡಿಮೆ. ಈ ತೂಗಾಟ ನೇರವಾಗಿಲ್ಲ, ಸ್ವಲ್ಪ ಓರೆ. ಎಡ ಲೀಡ್‌ನಲ್ಲಿ ಕುದುರೆಯ ಎಡ ಮಗ್ಗುಲು ಮುಂದಿರುತ್ತದೆ. ನಿಮ್ಮ ಎಡ ಸೊಂಟವೂ ಬಲಕ್ಕಿಂತ ಒಂದಿಷ್ಟು ಮುಂದೆ ಇರಬೇಕು. ಗಟ್ಟಿ ಬೆಂಚಿನ ಮೇಲೆ ಕೂತು ಪೃಷ್ಠದ ಕೆಳಗೆ ಅಂಗೈ ಇಟ್ಟರೆ ಎರಡು ಮೂಳೆ ಸಿಗುತ್ತವಲ್ಲ, ಕೂರುವ ಮೂಳೆಗಳು ಅವು. ಎಡಗಡೆಯ ಆ ಮೂಳೆ ಪ್ರತಿ ಹೆಜ್ಜೆಗೂ ಎಡ ಕಿವಿಯ ಕಡೆಗೆ ಹೋಗಿ ಬರುತ್ತಿದೆ ಅಂದುಕೊಳ್ಳಿ. ಬಲಗಾಲು ಸ್ವಲ್ಪ ಹಿಂದೆ, ಉದ್ದವಾಗಿ ಇಳಿದಿರಲಿ. ಇದು ಒಮ್ಮೆ ಸಿಕ್ಕಿದರೆ ಬಗ್ಗಿ ನೋಡದೆಯೇ ಯಾವ ಲೀಡ್ ಅಂತ ಹೇಳುತ್ತೀರಿ. ಯಾವ ಸೊಂಟವನ್ನು ಕುದುರೆ ಮುಂದೆ ಒಯ್ಯುತ್ತಿದೆಯೋ ಅದೇ ಲೀಡ್. ಎರಡೂ ಸೊಂಟ ಒಂದೇ ಗೆರೆಯಲ್ಲಿರಲಿ ಅಂತ ಹಟ ಹಿಡಿದವರು ತಿರುವಿನಲ್ಲಿ ಹೊರಗಡೆಗೆ ಜಾರುತ್ತಾರೆ.

ಈಗ ಮೊಣಕಾಲು. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಜನರ ತೊಂದರೆ ಸೊಂಟದ್ದಲ್ಲ, ಮೊಣಕಾಲಿನದು. ಬೀಳುತ್ತೇನೆ ಅನ್ನಿಸಿದಾಗ ಮೊಣಕಾಲಿನಿಂದ ಜೀನನ್ನು ಅವುಚಿಕೊಳ್ಳುತ್ತೇವೆ. ಒದ್ದೆ ಸೋಪನ್ನು ಮುಷ್ಟಿಯಲ್ಲಿ ಹಿಂಡಿದರೆ ಚಂಗನೆ ಮೇಲಕ್ಕೆ ಜಾರುತ್ತಲ್ಲ, ಹಾಗೆ ಮೈ ಮೇಲೇಳುತ್ತದೆ. ಹಿಮ್ಮಡಿ ಏರುತ್ತದೆ, ರಿಕಾಪು (ಪಾದ ಇಡುವ ಬಳೆ) ಕಾಲಿನಿಂದ ಕಳಚುತ್ತದೆ. ತೊಡೆ ಸಡಿಲ ಬಿಟ್ಟು ಭಾರ ಹಿಮ್ಮಡಿಯವರೆಗೆ ಇಳಿಯಲಿ. ಗ್ರೀಸಿನ ಲೇಖಕ ಕ್ಸೆನೊಫೋನ್ 2,300 ವರ್ಷಕ್ಕೂ ಹಿಂದೆ ಬರೆದಿದ್ದೂ ಇದನ್ನೇ: ಕುದುರೆಯ ಮೇಲೆ ಕುರ್ಚಿಯಲ್ಲಿ ಕೂತ ಹಾಗೆ ಕೂರಬೇಡಿ, ಕಾಲು ಅಗಲಿಸಿ ನೆಟ್ಟಗೆ ನಿಂತ ಹಾಗೆ ಇರಿ. ಆಗ ರಿಕಾಪೇ ಇರಲಿಲ್ಲ ಅನ್ನುವುದನ್ನು ನೆನೆದರೆ ಆ ಮಾತಿನ ಬೆಲೆ ಗೊತ್ತಾಗುತ್ತದೆ.

ನಾನು ಕಲಿತ ಒಂದು ದಿನದ ಕಥೆ ಹೇಳುತ್ತೇನೆ. ನಮ್ಮ ಉಸ್ತಾದ್ ಕುದುರೆಯನ್ನು ಲಂಜ್ ಹಗ್ಗಕ್ಕೆ ಕಟ್ಟಿ ದುಂಡಗೆ ಓಡಿಸುತ್ತಿದ್ದರು. ರಿಕಾಪು ತೆಗೆಸಿದ್ದರು, ಲಗಾಮನ್ನೂ ಗಂಟು ಹಾಕಿ ಕುತ್ತಿಗೆ ಮೇಲೆ ಬಿಡಿಸಿದ್ದರು. ಕ್ಯಾಂಟರ್ ಶುರುವಾದ ಕೂಡಲೇ ‘ಎರಡರ ಮಗ್ಗಿ ಹೇಳು, ಜೋರಾಗಿ’ ಅಂದರು. ಎರಡೊಂದ್ಲಿ ಎರಡು ಸರಿಯಾಗಿ ಬಂತು. ಎರಡೆರಡ್ಲಿಗೆ ದನಿ ಒಡೆಯಿತು. ಎರಡ್ಮೂರ್ಲಿಗೆ ಉಸಿರೇ ಇಲ್ಲ. ನಾನು ಉಸಿರು ಹಿಡಿದುಕೊಂಡಿದ್ದೆ, ಅದು ನನಗೇ ಗೊತ್ತಿರಲಿಲ್ಲ. ಉಸಿರು ಹಿಡಿದರೆ ಹೊಟ್ಟೆ ಗಟ್ಟಿ, ಹೊಟ್ಟೆ ಗಟ್ಟಿಯಾದರೆ ಸೊಂಟಕ್ಕೆ ಬೀಗ. ಅವರು ನನ್ನ ಬೆನ್ನು ನೋಡುತ್ತಲೇ ಇರಲಿಲ್ಲ, ದನಿ ಕೇಳಿಸಿಕೊಳ್ಳುತ್ತಿದ್ದರು. ಮೂರನೇ ದಿನವೋ ನಾಲ್ಕನೇ ದಿನವೋ ಎರಡ್ಹತ್ಲಿ ಇಪ್ಪತ್ತರವರೆಗೆ ಒಂದೇ ದನಿಯಲ್ಲಿ ಹೇಳಿ ಮುಗಿಸಿದೆ. ಆಗ ಕೆಳಗೆ ಜೀನು ಇದೆ ಅನ್ನುವುದೇ ಮರೆತುಹೋಗಿತ್ತು. ಈಗ ನಾನು ಕಲಿಸುವವರಿಗೂ ಮಗ್ಗಿ ಹೇಳಿಸುತ್ತೇನೆ.

ಉಸಿರಿನ ವಿಷಯ ಕುದುರೆಗೂ ಸೇರಿದ್ದು. ಕ್ಯಾಂಟರ್‌ನಲ್ಲಿ ಅದು ಒಂದು ಹೆಜ್ಜೆಗೆ ಒಂದೇ ಉಸಿರು ತೆಗೆದುಕೊಳ್ಳುತ್ತದೆ. ಮುಂಗಾಲು ಊರಿದಾಗ ಉಸಿರು ಹೊರಗೆ ಹೋಗುತ್ತದೆ. ಮೂಗಿನಿಂದ ‘ಫುರ್, ಫುರ್’ ಅಂತ ತಾಳ ಕೇಳುತ್ತದಲ್ಲ, ಅದು. ಕಣ್ಣಿಗಿಂತ ಕಿವಿಗೆ ಈ ತಾಳ ಬೇಗ ಸಿಗುತ್ತದೆ.

ಲಂಜ್ ಪಾಠವನ್ನು ‘ಮಕ್ಕಳಿಗೆ’ ಅಂತ ತಳ್ಳಿಹಾಕಬೇಡಿ. ವಿಯೆನ್ನಾದ ಸ್ಪ್ಯಾನಿಷ್ ರೈಡಿಂಗ್ ಸ್ಕೂಲ್‌ನಲ್ಲಿ ಹೊಸಬರು ಮೊದಲು ಲಂಜ್ ಮೇಲೆ, ರಿಕಾಪು ಇಲ್ಲದೆ, ಕೂರುವುದನ್ನು ಮಾತ್ರ ಕಲಿಯುತ್ತಾರೆ. ಲಗಾಮು ಆಮೇಲೆ. ನಿಮ್ಮ ಕೋಚ್‌ ಹತ್ತಿರ ವಾರಕ್ಕೆ ಒಂದು ಲಂಜ್ ಪಾಠ ಕೇಳಿ ಪಡೆಯಿರಿ. ಶಾಂತ ಕುದುರೆ ಇರಲಿ, ಹೆಲ್ಮೆಟ್ ಇರಲಿ. ರಿಕಾಪು ತೆಗೆದು ಮೊದಲು ವಾಕ್, ಟ್ರಾಟ್. ಕ್ಯಾಂಟರ್ ಅರ್ಧ ಸುತ್ತು ಸಾಕು. ಆರು ಹೆಜ್ಜೆ ಚೆನ್ನಾಗಿ ಕೂತು, ಏಳನೆಯದು ಕೆಡುವ ಮೊದಲೇ ಟ್ರಾಟ್‌ಗೆ ಇಳಿಯಿರಿ. ಹತ್ತು ನಿಮಿಷ ಕುಕ್ಕುತ್ತಾ ಸುತ್ತಿದರೆ ಮೈಗೆ ಕುಕ್ಕುವುದೇ ಅಭ್ಯಾಸವಾಗುತ್ತದೆ.

ಕೈ ಮರೆಯಬೇಡಿ. ಟ್ರಾಟ್‌ನಲ್ಲಿ ಕುದುರೆಯ ತಲೆ ಹೆಚ್ಚು ಆಡುವುದಿಲ್ಲ. ಕ್ಯಾಂಟರ್‌ನಲ್ಲಿ ಪ್ರತಿ ಹೆಜ್ಜೆಗೂ ಕತ್ತು ಚಾಚಿ ಹಿಂದೆ ಬರುತ್ತದೆ. ಟ್ರಾಟ್‌ನಲ್ಲಿ ಇಟ್ಟ ಹಾಗೆ ಕೈ ಇಟ್ಟರೆ ಕಡಿವಾಣ ಪ್ರತಿ ಸಲವೂ ಬಾಯಿಗೆ ಹೊಡೆಯುತ್ತದೆ. ಮೊಣಕೈ ತೆರೆದು ಮುಚ್ಚುತ್ತಿರಲಿ. ಕಿವಿ ಹಿಂದಕ್ಕೆ ಹೋಗಲು ಇದೂ ಕಾರಣ ಇರಬಹುದು.

ಮತ್ತೆ, ಜೀನು ಬಿಚ್ಚಿದ ಮೇಲೆ ಬೆನ್ನುಮೂಳೆಯ ಎರಡೂ ಪಕ್ಕ ಅಂಗೈ ಒತ್ತಿ ಸವರಿ ನೋಡಿ. ಚರ್ಮ ನಡುಗಿದರೆ, ಬೆನ್ನು ಕೆಳಗೆ ತಗ್ಗಿಸಿದರೆ, ಆ ಕುದುರೆಗೆ ನೋವಿರಬಹುದು. ಕೋಚ್‌ಗೆ, ಸೈಸ್‌ಗೆ (ಕುದುರೆ ನೋಡಿಕೊಳ್ಳುವವರಿಗೆ) ಅವತ್ತೇ ಹೇಳಿ. ತಪ್ಪು ನಿಮ್ಮದೇ ಆಗಿರಬೇಕಿಲ್ಲ, ಜೀನು ಸರಿಯಾಗಿ ಹೊಂದದೆಯೂ ಇರಬಹುದು. ಜೀನಿನ ಹಿಂಭಾಗ ತಗ್ಗಾಗಿ ಕೂತಿದ್ದರೆ ಎಂಥ ಸವಾರನೂ ಕುರ್ಚಿಯಲ್ಲಿ ಕೂತ ಹಾಗೇ ಕೂರುತ್ತಾನೆ.

ಒಳ್ಳೆಯ ಸೀಟ್, ಅಂದರೆ ಕೂರುವ ರೀತಿ, ಕಣ್ಣಾರೆ ನೋಡಬೇಕೆಂದರೆ 2023ರ ಸೆಪ್ಟೆಂಬರ್ 26ರಂದು ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಡ್ರೆಸಾಜ್ (ಕುದುರೆಯನ್ನು ತಾಳಬದ್ಧವಾಗಿ ನಡೆಸುವ ಸ್ಪರ್ಧೆ) ತಂಡ ಚಿನ್ನ ಗೆದ್ದ ಸ್ಪರ್ಧೆಯ ವಿಡಿಯೊ ನೋಡಿ. ಸುದೀಪ್ತಿ ಹಜೇಲಾ, ದಿವ್ಯಾಕೃತಿ ಸಿಂಗ್, ಹೃದಯ್ ಛೇಡಾ, ಅನುಷ್ ಅಗರ್‌ವಾಲಾ, ಈ ನಾಲ್ವರಲ್ಲಿ ಯಾರದ್ದಾದರೂ ಆಗಲಿ. ಕುದುರೆ ನೋಡಬೇಡಿ, ಸವಾರರ ಬೆಲ್ಟ್ ಮಾತ್ರ ನೋಡಿ. ಅದು ಎಷ್ಟು ಆಡುತ್ತಿದೆ, ಅದಕ್ಕಿಂತ ಮೇಲಿನ ಭುಜ ಎಷ್ಟು ಸುಮ್ಮನಿದೆ ಅಂತ ಗಮನಿಸಿ.

ಪ್ರಶ್ನೆ: ಕ್ಯಾಂಟರ್‌ನಲ್ಲಿ ಕೆಲವರು ಜೀನಿನಿಂದ ಎದ್ದು ಮುಂದೆ ಬಾಗಿರುತ್ತಾರೆ. ಅದು ತಪ್ಪಲ್ಲವೇ?
– ಕಾಲೇಜು ವಿದ್ಯಾರ್ಥಿನಿ, ಮೈಸೂರು

ಉತ್ತರ: ತಪ್ಪಲ್ಲ, ಅದು ಬೇರೆ ಕೆಲಸದ ಸೀಟ್. ಜಿಗಿಯುವಾಗ, ಬಯಲಿನಲ್ಲಿ ವೇಗವಾಗಿ ಹೋಗುವಾಗ ಕುದುರೆಯ ಬೆನ್ನಿಗೆ ಬಿಡುವು ಕೊಡಲು ಹಾಗೆ ಏಳುತ್ತಾರೆ. ಭಾರವೆಲ್ಲ ಮೊಣಕಾಲು, ಹಿಮ್ಮಡಿಗಳ ಕೀಲಿನಲ್ಲಿ ಇಳಿಯುತ್ತದೆ. ಇದನ್ನು ರೂಢಿಗೆ ತಂದವರು ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕಪ್ರಿಲ್ಲಿ. 1907ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡರು. ಅವರಿಗಿಂತ ಮುಂಚೆ ಬೇಲಿ ಹಾರುವಾಗ ಸವಾರರು ಹಿಂದಕ್ಕೆ ವಾಲಿ ಲಗಾಮು ಎಳೆಯುತ್ತಿದ್ದರು. ಕುದುರೆ ಬಾಯಿನೋವು, ಬೆನ್ನುನೋವು ಎರಡನ್ನೂ ಹೊತ್ತು ಹಾರಬೇಕಿತ್ತು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದ ನಮ್ಮ ಬೆಂಗಳೂರಿನ ಫೌವಾದ್ ಮಿರ್ಜಾ ಅವರನ್ನು ಕ್ರಾಸ್ ಕಂಟ್ರಿ (ಬಯಲಿನಲ್ಲಿ ಅಡೆತಡೆ ಹಾರುತ್ತಾ ಸಾಗುವ) ಓಟದಲ್ಲಿ ನೋಡಿದರೆ ಈ ಸೀಟ್ ಅರ್ಥವಾಗುತ್ತದೆ. ಆದರೆ ಕೂರಲು ಬಾರದೆ ಏಳಬೇಡಿ. ಕುಕ್ಕುವುದನ್ನು ತಪ್ಪಿಸಿಕೊಳ್ಳಲು ಎದ್ದವರು ಲಗಾಮಿಗೆ ಜೋತುಬೀಳುತ್ತಾರೆ.

ಪ್ರಶ್ನೆ: ನಮ್ಮ ಕ್ಲಬ್‌ನ ಕುದುರೆ ಮೊದಲು ರೇಸ್‌ನಲ್ಲಿತ್ತು. ಕ್ಯಾಂಟರ್‌ನಲ್ಲಿ ಗಟ್ಟಿಯಾಗಿ ಹಿಡಿದು ಕೂತಷ್ಟೂ ಜೋರಾಗಿ ಓಡುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಮಂಗಳೂರು

ಉತ್ತರ: ಅದು ಹಟ ಮಾಡುತ್ತಿಲ್ಲ, ಕಲಿತ ಪಾಠ ಒಪ್ಪಿಸುತ್ತಿದೆ. ರೇಸ್ ಕುದುರೆಗೆ ಬಾಯಲ್ಲಿ ಬಿಗಿ ಹಿಡಿತ ಇದ್ದರೆ ಓಡು ಅಂತ ಅರ್ಥ. ನೀವು ಹೆದರಿ ಲಗಾಮು ಎಳೆದು, ಕಾಲು ಅವುಚಿ, ಮುಂದೆ ಬಾಗಿದರೆ ಅದಕ್ಕೆ ಕಾಣುವುದು ಜಾಕಿಯೇ. ಎದೆ ನೆಟ್ಟಗೆ ಮಾಡಿ, ಉದ್ದಕ್ಕೆ ಉಸಿರು ಬಿಡಿ, ಕೂರುವ ಮೂಳೆ ಜೀನಿಗೆ ತಾಗಲಿ. ಲಗಾಮನ್ನು ಒಂದೇ ಸಮನೆ ಎಳೆಯದೆ ಹಿಡಿದು ಬಿಡಿ, ಹಿಡಿದು ಬಿಡಿ. 20 ಮೀಟರ್‌ ವೃತ್ತಕ್ಕೆ ತಿರುಗಿಸಿ, ದುಂಡಗೆ ಓಡುವಾಗ ವೇಗ ತಾನಾಗಿ ಇಳಿಯುತ್ತದೆ. ಇಳಿದ ಕೂಡಲೇ ಕೈ ಸಡಿಲಿಸಿ, ಕುತ್ತಿಗೆ ತಟ್ಟಿ. ಮೊದಲ ಕೆಲವು ವಾರ ಬಯಲಿಗೆ ಕರೆದೊಯ್ಯಬೇಡಿ, ಬೇಲಿ ಹಾಕಿದ ಅಂಗಳದೊಳಗೇ ಸವಾರಿ ಮಾಡಿ.