ಚುಕ್ಕಾಣಿ ಇಲ್ಲದ ಹಡಗು ತಿರುಗೋದು ಹೇಗೆ?

ಪ್ರಶ್ನೆ: ನಮ್ಮ ಅಕ್ಕನ ಮಗ ಪ್ರವಾಸಿ ಹಡಗಿನಲ್ಲಿ ಎಲೆಕ್ಟ್ರಿಷಿಯನ್. ರಜೆಗೆ ಬಂದವನು, ‘ಮಾಮಾ, ನಮ್ಮ ಹಡಗಿಗೆ ಚುಕ್ಕಾಣಿನೇ ಇಲ್ಲ, ಮೋಟರ್ ನೀರೊಳಗೇ ಇರ್ತದ’ ಅಂದ. ನಮ್ಮ ಕಿವಿ ಮೇಲೆ ಹೂ ಇಡ್ತಿದ್ದಾನಾ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಇಲ್ಲರೀ, ನಿಮ್ಮ ಅಳಿಯ ಹೇಳಿದ್ದು ಖರೇ. ಮನೆಯ ಟೇಬಲ್ ಫ್ಯಾನನ್ನು ತಲೆಕೆಳಗು ಮಾಡಿ ಹಡಗಿನ ಹಿಂಭಾಗದ ತಳಕ್ಕೆ ನೇತುಹಾಕಿದ್ದಾರೆ ಅಂದ್ಕೊಳ್ಳಿ. ಫ್ಯಾನಿನ ರೆಕ್ಕೆಯ ಹಿಂದೆಯೇ ಮೋಟರ್ ಇರುತ್ತದಲ್ವಾ, ಇಲ್ಲೂ ಹಾಗೇ, ಆದರೆ ಮೋಟರ್ ಇರುವುದು ನೀರು ಹೋಗದ ಉಕ್ಕಿನ ಗೂಡಿನೊಳಗೆ. ಫ್ಯಾನಿನ ಕತ್ತು ಒಂದಿಷ್ಟು ಆಚೀಚೆ ಹೊರಳಿ ವಾಪಸ್ ಬರುತ್ತದೆ, ಇದರದ್ದು ಪೂರ್ತಿ 360 ಡಿಗ್ರಿ ಸುತ್ತುತ್ತದೆ, ರೆಕ್ಕೆಯ ಬಲ ಯಾವ ದಿಕ್ಕಿಗೋ ಹಡಗಿನ ಹಿಂಭಾಗ ಆ ದಿಕ್ಕಿಗೆ ಹೊರಳುತ್ತದೆ. ವೈರ್ ತಿರುಚಿಕೊಳ್ಳಲ್ವಾ? ಅದಕ್ಕೇ ನಡುವೆ, ಸುತ್ತುವಾಗಲೂ ಕರೆಂಟ್ ದಾಟಿಸುವ ಸ್ಲಿಪ್ ರಿಂಗ್ ಇಟ್ಟಿರುತ್ತಾರೆ, ಅಳಿಯನನ್ನೇ ಕೇಳಿ, ಖುಷಿಯಿಂದ ಹೇಳ್ತಾನೆ.

ಆನೆಗೊಂದಿ ನಿಮಗೆ ದೂರವಲ್ಲ. ಅಲ್ಲಿ ಹರಿಗೋಲು ಹಾಕುವವರನ್ನು ನೋಡಿ. ಹರಿಗೋಲಿಗೆ ಎಲ್ಲಿದೆ ಚುಕ್ಕಾಣಿ? ಹುಟ್ಟು ಯಾವ ಕಡೆಯಿಂದ ನೀರನ್ನು ಎಳೆಯುತ್ತದೋ ಆ ಕಡೆ ಹರಿಗೋಲು. ಈ ಹಡಗುಗಳಲ್ಲೂ ಬಹಳಷ್ಟು ಸಲ ಪ್ರೊಪೆಲ್ಲರ್, ಅಂದರೆ ಆ ರೆಕ್ಕೆ, ಗೂಡಿನ ಮುಂದೆಯೇ ಇದ್ದು, ಹಡಗನ್ನು ಹಿಂದಿನಿಂದ ತಳ್ಳುವ ಬದಲು ಎಳೆದುಕೊಂಡು ಹೋಗುತ್ತದೆ. ಕಲಕದ ನೀರು ಸಿಗುವುದರಿಂದ ನಡುಕ ಕಡಿಮೆ. ಚುಕ್ಕಾಣಿಯ ಕಷ್ಟ ಏನಂದ್ರೆ, ಅದರ ಮೇಲೆ ನೀರು ಜೋರಾಗಿ ಹರಿದರೆ ಮಾತ್ರ ಅದು ಕೆಲಸ ಮಾಡುತ್ತದೆ, ಬಂದರಿನಲ್ಲಿ ಹಡಗು ಮೆಲ್ಲಗೆ ತೆವಳುವಾಗ ಅದು ಸುಮ್ನೆ ತೂಗಾಡುವ ಹಲಗೆ.

ಇದು ಹುಟ್ಟಿದ್ದು ಫಿನ್‌ಲೆಂಡಿನಲ್ಲಿ, ಮಂಜುಗಡ್ಡೆಯ ಕಾಟಕ್ಕೆ. 1990ರಲ್ಲಿ ‘ಸೈಲಿ’ ಎಂಬ ಸಣ್ಣ ಹಡಗಿಗೆ ಮೊದಲು ಕೂರಿಸಿದರು, ಹೆಸರು ಅಜಿಪಾಡ್. ಪ್ರವಾಸಿ ಹಡಗುಗಳಲ್ಲಿ ಮೊದಲನೆಯದು 1998ರ ‘ಇಲೇಷನ್’. 2002ರ ‘ಟೆಂಪೆರಾ’ ಎಂಬ ತೈಲ ಹಡಗಂತೂ ಮಂಜು ದಪ್ಪವಾದರೆ ಹಿಂದುಮುಂದಾಗಿ, ಬೆನ್ನು ಮುಂದೆ ಮಾಡಿ ಗಡ್ಡೆ ಒಡೆದುಕೊಂಡು ಹೋಗುತ್ತದೆ!

ಹಾಗಂತ ಎಲ್ಲ ಹಡಗಿಗೂ ಇದು ಬಂದಿಲ್ಲ. ದುಬಾರಿ, ಬೇರಿಂಗೋ ಸೀಲೋ ಕೈಕೊಟ್ಟರೆ ಸಾಮಾನ್ಯವಾಗಿ ಹಡಗನ್ನೇ ನೀರಿಲ್ಲದ ರಿಪೇರಿ ಜಾಗಕ್ಕೆ, ಅಂದರೆ ಒಣಕಟ್ಟೆಗೆ ಏರಿಸಬೇಕು. ನಮ್ಮ ತೋರಣಗಲ್ಲಿನ ಉಕ್ಕಿನ ಕುಲುಮೆಗೆ ಹೊರದೇಶದ ಕಲ್ಲಿದ್ದಲು ತರುವಂಥ ಹಡಗುಗಳು ವಾರಗಟ್ಟಲೆ ನೆಟ್ಟಗೆ ಹೋಗುವವು, ಅವಕ್ಕೆ ಒಂದು ದೊಡ್ಡ ಡೀಸೆಲ್ ಎಂಜಿನ್, ಒಂದು ಶಾಫ್ಟ್, ಒಂದು ಚುಕ್ಕಾಣಿ ಸಾಕು. ಡೀಸೆಲನ್ನು ಕರೆಂಟ್ ಮಾಡಿ ಮತ್ತೆ ಮೋಟರ್ ತಿರುಗಿಸುವ ನಷ್ಟ ಅವರಿಗೆ ಯಾಕೆ ಬೇಕು?

ಪ್ರಶ್ನೆ: ಅಂಥ ಮೋಟರಿಗೆ ಎಷ್ಟು ಕರೆಂಟ್ ಬೇಕು?
– ಓದುಗರೊಬ್ಬರು, ರಾಯಚೂರು

ಉತ್ತರ: ನಿಮ್ಮ ಶಕ್ತಿನಗರದ ವಿದ್ಯುತ್ ಸ್ಥಾವರದ ಲೆಕ್ಕದಲ್ಲೇ ಹೇಳ್ತೀನಿ. ಅಲ್ಲಿನ ಹಳೆಯ ಒಂದೊಂದು ಘಟಕ 210 ಮೆಗಾವಾಟ್. 2009ರ ‘ಓಯಸಿಸ್ ಆಫ್ ದ ಸೀಸ್’ ಹಡಗಿನಲ್ಲಿ ಇಂಥ ಮೂರು ಗೂಡುಗಳಿವೆ, ಒಂದೊಂದು 20 ಮೆಗಾವಾಟ್. ಅಂದರೆ ಒಂದು ಘಟಕದ ಮೂರರಲ್ಲೊಂದು ಪಾಲಿಗೆ ಸ್ವಲ್ಪ ಕಡಿಮೆ, ಬರೀ ಹಡಗು ಓಡಿಸೋಕೆ. ಏಸಿ, ಲೈಟು, ಅಡುಗೆಮನೆ ಬೇರೆ. ಎಲ್ಲ ಕರೆಂಟೂ ಹಡಗಿನೊಳಗಿನ ಡೀಸೆಲ್ ಜನರೇಟರ್‌ಗಳದ್ದೇ, ಬಂದರು ಹತ್ತಿರ ಬಂದು ವೇಗ ಇಳಿದರೆ ಅವುಗಳಲ್ಲಿ ಕೆಲವನ್ನು ಬಂದ್ ಮಾಡಿಬಿಡಬಹುದು.