ಟೆಂಟ್ ಹಾಕೋಕ್ ಮುಂಚೆ ನೆಲದ ಮೇಲೆ ಒಂದ್ಸಲ ಮಲಗಿ ನೋಡಿ

ಕರೆಂಟ್ ಇಲ್ಲ, ನಲ್ಲಿ ಇಲ್ಲ, ಬಿಸಿನೀರಂತೂ ಕೇಳ್ಲೇಬೇಡಿ, ಅಂಥ ಕಾಡಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಟೆಂಟ್ ಹಾಕಿ ಮಲಗೋ ಬಗ್ಗೆ ಪ್ರಶ್ನೆ ಇದ್ರೆ ಕಳಿಸಿ ಅಂತ ಹೋದ ಸಂಚಿಕೇಲಿ ಅಂದಿದ್ದೆ. ಇಷ್ಟೊಂದು ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ. ಬಂದಿದ್ರಲ್ಲಿ ಮುಕ್ಕಾಲು ಪಾಲು "ಯಾವ ಟೆಂಟ್ ತಗೊಳ್ಳಿ" ಅನ್ನೋದೇ. ಎಲ್ಲಿ ಹಾಕ್ಬೇಕು ಅಂತ ಕೇಳಿದವರು ಒಬ್ಬರೇ ಒಬ್ಬರು, ಅದಕ್ಕೇ ಅವರಿಂದ ಶುರು ಮಾಡ್ತೀನಿ.

ಪ್ರಶ್ನೆ: ಕೆರೆ ದಡದಲ್ಲೇ, ಬೆಳಿಗ್ಗೆ ಕಣ್ಣು ಬಿಟ್ರೆ ನೀರು ಕಾಣೋ ಹಾಗೆ ಟೆಂಟ್ ಹಾಕ್ಬೇಕು ಅಂತ ನಮ್ಮನೆಯವರ ಹಠ. ನನಗ್ಯಾಕೋ ಧೈರ್ಯ ಇಲ್ಲ. ನೀರಿಂದ ಎಷ್ಟು ದೂರ ಇರ್ಬೇಕು ಮೇಡಂ?

ಉತ್ತರ: ನಿಮ್ಮ ಧೈರ್ಯಗೇಡಿತನವೇ ಸರಿ. ಕ್ಯಾಂಪ್‌ಗ್ರೌಂಡಿನವರೇ ಗುರುತು ಮಾಡಿರೋ ಜಾಗ ಇದ್ರೆ ಅಲ್ಲೇ ಹಾಕಿ, ಇಲ್ದಿದ್ರೆ ನೀರಿನ ಅಂಚಿಂದ 60 ಮೀಟರ್, ಅಂದ್ರೆ ದೊಡ್ಡವರ ಹೆಜ್ಜೇಲಿ ಸುಮಾರು 70-80 ಹೆಜ್ಜೆ ಹಿಂದಕ್ಕೆ ಬನ್ನಿ. ರಾತ್ರಿ ಪ್ರಾಣಿಗಳು ನೀರಿಗೆ ಬರೋ ದಾರೀಲಿ ನಾವು ಅಡ್ಡ ಮಲಗಬಾರ್ದು ಅನ್ನೋದು ಒಂದು ಕಾರಣ, ದಡದ ಮೆತ್ತನೆ ಗಿಡ-ಹುಲ್ಲು ತುಳಿದ್ರೆ ಮತ್ತೆ ಚಿಗುರೋಕೆ ತುಂಬಾ ದಿನ ಬೇಕು ಅನ್ನೋದು ಇನ್ನೊಂದು. ಆದ್ರೆ ನಿಮ್ಮನೆಯವರಿಗೆ ಇದೆಲ್ಲ ಹೇಳಿದ್ರೆ ನಾಟಲ್ಲ, ಚಳಿ ವಿಷ್ಯ ಹೇಳಿ. ತಣ್ಣನೆ ಗಾಳಿ ಭಾರ, ರಾತ್ರಿ ಅದು ನೀರಿನ ಥರಾನೇ ಇಳಿಜಾರಲ್ಲಿ ಜಾರ್ಕೊಂಡು ಬಂದು ತಗ್ಗಲ್ಲಿ ಕೂರುತ್ತೆ, ಕೆರೆ ಇರೋದೇ ತಗ್ಗಲ್ಲಿ, ಮೇಲಿಂದ ನೀರಿನ ತೇವ ಬೇರೆ, ಹಾಗಾಗಿ ದಡದಲ್ಲಿ ಮಲಗಿದವರಿಗೆ ಚಳಿ, ಇಬ್ಬನಿ, ಸೊಳ್ಳೆ ಮೂರೂ ಒಟ್ಟಿಗೆ. ಸ್ವಲ್ಪ ಏರಿನ ಮೇಲೆ ಹೋದ್ರೂ ಸಾಕು, ವ್ಯತ್ಯಾಸ ಮೈಗೇ ಗೊತ್ತಾಗುತ್ತೆ. ಅಲ್ಲಿಂದಲೂ ನೀರು ಕಾಣುತ್ತೆ, ಇನ್ನೂ ಚೆನ್ನಾಗೇ ಕಾಣುತ್ತೆ.

ಕತ್ತಲಾಗೋಕೆ ಎರಡು ಗಂಟೆ ಮುಂಚೆನಾದ್ರೂ ತಲುಪಿ. ಬ್ಯಾಗ್ ಇಳಿಸಿ ಮೊದಲು ತಲೆ ಎತ್ತಿ ನೋಡಿ, ಮೇಲೆ ಒಣಗಿದ ಕೊಂಬೆ ಅಥವಾ ಮುರಿದು ಸಿಕ್ಕಿಹಾಕ್ಕೊಂಡಿರೋ ರೆಂಬೆ ಇದ್ರೆ ಆ ಜಾಗ ಎಷ್ಟೇ ಚೆನ್ನಾಗಿದ್ರೂ ಬೇಡ. ಆಮೇಲೆ ನೆಲ. ತರಗೆಲೆ ಎಲ್ಲ ಒಂದೇ ಕಡೆಗೆ ಗುಡಿಸಿದ ಹಾಗೆ ಸಾಲಾಗಿ ಬಿದ್ದಿದ್ರೆ ಅಲ್ಲಿ ನೀರು ಹರಿದಿದೆ, ಮಣ್ಣು ಬಿರುಕು ಬಿಟ್ಟು ಹಪ್ಪಳದ ಥರ ಎದ್ದಿದ್ರೆ ಅಲ್ಲಿ ನೀರು ನಿಂತಿತ್ತು. ಆಮೇಲೆ ಟೆಂಟ್ ಬಿಚ್ಚೋಕೂ ಮುಂಚೆ ಬರೀ ನೆಲದ ಮೇಲೆ ಒಂದೆರಡು ನಿಮಿಷ ಮಲಗಿ. ನೋಡೋರು ನಗ್ತಾರೆ, ನಗ್ಲಿ. ಬೆನ್ನಿಗೆ ಚುಚ್ಚೋ ಬೇರು, ಕಣ್ಣಿಗೆ ಕಾಣ್ದೇ ಇರೋ ಇಳಿಜಾರು ಎಲ್ಲ ಮಲಗಿದ್ರೆ ತಕ್ಷಣ ಗೊತ್ತಾಗುತ್ತೆ. ಇಳಿಜಾರು ಇದ್ರೆ ತಲೆ ಎತ್ತರದ ಕಡೆಗೆ.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ ನಾನೇ ಒಂದ್ಸಲ ತಣ್ಣೀರಲ್ಲಿ ಬಿದ್ದಿದೀನಿ, ಅಕ್ಷರಶಃ. ಮರಗಳ ಮಧ್ಯೆ ತಟ್ಟೆ ಥರ ಸಮತಟ್ಟು, ಕಾರ್ಪೆಟ್ ಥರ ಮೆತ್ತಗಿರೋ ಜಾಗ ಸಿಕ್ತು, ಇಷ್ಟು ಒಳ್ಳೆ ಜಾಗನ ಬೇರೆ ಯಾರೂ ಯಾಕೆ ಹಿಡ್ದಿಲ್ಲ ಅಂತ ಹಿಗ್ತಾ ಹಿಗ್ತಾ ಟೆಂಟ್ ಹಾಕ್ದೆ. ರಾತ್ರಿ ಎರಡು ಗಂಟೆಗೆ ಮಳೆ ಶುರುವಾಯ್ತು, ಮೂರು ಗಂಟೆಗೆ ಮ್ಯಾಟ್ ತೇಲ್ತಾ ಇತ್ತು. ಆ ನೆಲ ಅಷ್ಟು ಸಮ, ಅಷ್ಟು ಮೆತ್ತಗೆ ಇದ್ದಿದ್ದೇ ಪ್ರತಿ ಮಳೇಲೂ ಅಲ್ಲಿ ನೀರು ನಿಂತು ನುಣ್ಣನೆ ಮಣ್ಣು ಕೂತಿದ್ರಿಂದ.

ಪ್ರಶ್ನೆ: "ನಾಲ್ಕು ಜನರ ಟೆಂಟ್" ಅಂತ ಬರ್ದಿತ್ತು, ತಗೊಂಡ್ವಿ. ನಾಲ್ಕು ಜನ ಮಲಗಿದ್ರೆ ಹೊರಳೋಕೂ ಜಾಗ ಇಲ್ಲ. ಇದು ಮೋಸ ಅಲ್ವಾ?

ಉತ್ತರ: ಮೋಸ ಅನ್ನೋದಕ್ಕಿಂತ ಅವರ ಲೆಕ್ಕ ಬೇರೆ. ಒಬ್ಬರಿಗೆ 50-60 ಸೆಂಟಿಮೀಟರ್ ಅಗಲದ ಮ್ಯಾಟ್ ಅಂತ ಹಿಡಿದು ಒಂದರ ಪಕ್ಕ ಒಂದು ಜೋಡಿಸಿದ್ರೆ ಎಷ್ಟು ಹಿಡಿಯುತ್ತೋ ಅಷ್ಟು ಜನ. ಬ್ಯಾಗು, ಶೂ, ನಿದ್ದೇಲಿ ಒದೆಯೋ ಮಗು ಯಾವುದೂ ಆ ಲೆಕ್ಕದಲ್ಲಿ ಇಲ್ಲ. ಬರ್ದಿರೋ ಸಂಖ್ಯೇಲಿ ಒಂದು ಕಳೆದ್ರೆ ಆರಾಮ, ಎರಡು ಕಳೆದ್ರೆ ಸಂಸಾರ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದಿದ್ದಾರೆ, ಇಲ್ಲಿ ಅಷ್ಟೂ ಚಾಚೋಕಾಗಲ್ಲ.

ಪ್ರಶ್ನೆ: ರಾತ್ರಿಯಿಡೀ ಒಂದು ಹನಿ ಮಳೆ ಬರ್ಲಿಲ್ಲ. ಆದ್ರೂ ಬೆಳಿಗ್ಗೆ ಎದ್ದರೆ ಟೆಂಟ್ ಒಳಗಿನ ಗೋಡೆಯೆಲ್ಲ ಒದ್ದೆ, ಸ್ಲೀಪಿಂಗ್ ಬ್ಯಾಗ್ ತುದಿ ನೆನೆದಿತ್ತು. ಹೊಸ ಟೆಂಟ್ ಸರ್, ವಾಪಸ್ ಕೊಡ್ಲಾ?

ಉತ್ತರ: ಮೊದಲಿಗೆ, ನಾನು ಮೇಡಂ. ಎರಡನೇದು, ವಾಪಸ್ ಕೊಡ್ಬೇಡಿ, ಆ ನೀರು ನಿಮ್ಮದೇ. ನಿದ್ದೇಲಿ ಉಸಿರಿಂದ, ಮೈಯಿಂದ ಒಬ್ಬರಿಗೆ ಹತ್ತತ್ರ ಕಾಲು ಲೀಟರ್ ನೀರು ಆವಿಯಾಗಿ ಹೋಗುತ್ತೆ, ಮೂರು ಜನ ಅಂದ್ರೆ ಮುಕ್ಕಾಲು ಲೀಟರ್, ಅದು ಎಲ್ಲಾದ್ರೂ ಹೋಗ್ಬೇಕಲ್ಲ. ರಾತ್ರಿ ಬಟ್ಟೆ ತಣ್ಣಗಾದಾಗ ಅದರ ಮೇಲೆ ಬೆವರಿನ ಥರ ಕೂರುತ್ತೆ. ಚಳಿ ಅಂತ ಜಿಪ್ ಎಲ್ಲ ಬಿಗಿಯಾಗಿ ಮುಚ್ಚಿರ್ತೀರಿ, ಅಲ್ಲೇ ಎಡವಟ್ಟು. ಮೇಲಿನ ಕಿಂಡಿ ತೆಗ್ದಿಡಿ, ಸಾಧ್ಯ ಆದ್ರೆ ಕೆಳಗೂ ಒಂದು ಕಡೆ ತೆಗ್ದಿಡಿ, ಗಾಳಿ ಓಡಾಡ್ಲಿ. ಒದ್ದೆ ಟವೆಲ್, ಸಾಕ್ಸ್ ಒಳಗೆ ಹರಡ್ಬೇಡಿ. ಹೊರಗಿನ ರೇನ್ ಫ್ಲೈ, ಅಂದ್ರೆ ಮಳೆ ತಡೆಯೋ ಮೇಲ್ಹೊದಿಕೆ, ಒಳಗಿನ ಬಟ್ಟೆಗೆ ತಾಗ್ದೇ ಇರೋ ಹಾಗೆ ಹಗ್ಗ ಎಳೆದು ಕಟ್ಟಿ. ನೈಲಾನ್ ಫ್ಲೈ ಆದ್ರೆ ತೇವ ಕುಡಿದು ಜೋಲು ಬೀಳುತ್ತೆ, ಮಲಗೋ ಮುಂಚೆ ಇನ್ನೊಂದ್ಸಲ ಎಳೀಬೇಕು, ಪಾಲಿಯೆಸ್ಟರ್‌ಗೆ ಈ ಕಾಟ ಕಮ್ಮಿ. ಬಯಲಿಗಿಂತ ಆರೋಗ್ಯವಾಗಿರೋ ಮರಗಳ ಕೆಳಗೆ ಇಬ್ಬನಿ ಕಮ್ಮಿ ಬೀಳುತ್ತೆ, ಎಲೆಗಳ ಮರೆ ಇದ್ರೆ ಟೆಂಟಿನ ಬಿಸಿ ನೇರ ಆಕಾಶಕ್ಕೆ ಹೋಗಲ್ಲ.

ನಿಜವಾಗ್ಲೂ ಸೋರ್ತಾ ಇದ್ರೆ ನೀರು ಹೊಲಿಗೆ ಹಾದಿ ಹಿಡಿದು ಒಂದು ಕಡೆಯಿಂದ ಇಳಿಯುತ್ತೆ, ಎಲ್ಲ ಕಡೆ ಸಣ್ಣ ಸಣ್ಣ ಹನಿ ಅಂದ್ರೆ ಅದು ಉಸಿರೇ. ಇನ್ನೊಂದು, ಟೆಂಟ್ ಕೆಳಗೆ ಹಾಸೋ ಶೀಟ್ ಟೆಂಟಿಗಿಂತ ದೊಡ್ಡದಾಗಿ ಹೊರಗೆ ಚಾಚಿದ್ರೆ ಮಳೆನೀರನ್ನ ಹಿಡಿದು ನಿಮ್ಮ ಬೆನ್ನ ಕೆಳಗೇ ತಂದು ಬಿಡುತ್ತೆ. ಅಂಚು ಒಳಗೆ ಮಡಚಿ. ಎಷ್ಟು ಜನ ಇದೊಂದು ತಪ್ಪು ಮಾಡಿ ಟೆಂಟ್‌ಗೆ ಬಯ್ತಾರೆ ಅಂದ್ರೆ ಲೆಕ್ಕ ಇಲ್ಲ.

ಪ್ರಶ್ನೆ: ಗಾಳಿ ತುಂಬೋ ದಪ್ಪ ಹಾಸಿಗೆ, ಮೇಲೆ ಒಳ್ಳೆ ಸ್ಲೀಪಿಂಗ್ ಬ್ಯಾಗ್, ಅದರ ಮೇಲೆ ಎರಡು ಕಂಬಳಿ. ಆದ್ರೂ ಬೆಳಗಿನ ಜಾವ ಹಲ್ಲು ಕಟಕಟ. ಇನ್ನೇನು ಹೊದೀಲಿ? ಅಡುಗೆ ಮಾಡಿ ಉಳಿದ ಕೆಂಡನ ಒಂದು ಪಾತ್ರೇಲಿ ಹಾಕಿ ಟೆಂಟ್ ಒಳಗಿಟ್ಕೋಬಹುದಾ?

ಉತ್ತರ: ಕೆಂಡ ಬೇಡ. ಸ್ಟವ್ ಬೇಡ, ಲಾಟೀನು ಬೇಡ, ಕಿಂಡಿ ತೆಗೆದಿರ್ತೀನಿ ಅಂದ್ರೂ ಬೇಡ. ಉರಿಯೋದು, ಹೊಗೆಯಾಡೋದು ಯಾವ್ದಾದ್ರೂ ಕಾರ್ಬನ್ ಮಾನಾಕ್ಸೈಡ್ ಬಿಡುತ್ತೆ, ಅದಕ್ಕೆ ಬಣ್ಣ ಇಲ್ಲ ವಾಸನೆ ಇಲ್ಲ, ತಲೆನೋವು ಬಂತು ಅನ್ನೋಷ್ಟರಲ್ಲಿ ಎದ್ದು ಹೊರಗೆ ಬರೋ ಶಕ್ತಿ ಇರಲ್ಲ, ನಿದ್ದೇಲಿದ್ರೆ ಏಳೋದೇ ಇಲ್ಲ. ಆರಿದ ಹಾಗೆ ಕಾಣೋ ಕೆಂಡ ಇನ್ನೂ ಗಂಟೆಗಟ್ಟಲೆ ಬಿಡ್ತಾನೇ ಇರುತ್ತೆ. ಈ ಪುಟದಲ್ಲಿ ಒಂದೇ ಉತ್ತರ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ.

ಇನ್ನು ಚಳಿ. ನಿಮ್ಮ ಚಳಿ ಬರ್ತಿರೋದು ಕೆಳಗಿಂದ, ನೀವು ಹೊದಿಕೆ ಏರಿಸ್ತಿರೋದು ಮೇಲೆ. ಆ ದಪ್ಪ ಗಾಳಿ ಹಾಸಿಗೆ ಒಳಗೆ ಬರೀ ಗಾಳಿ, ನೀವು ಮಗ್ಗುಲು ಬದಲಿಸಿದಾಗೆಲ್ಲ ಒಳಗಿನ ಗಾಳಿ ಸುತ್ತಾಡಿ ಮೈ ಬಿಸಿಯನ್ನ ನೆಲಕ್ಕೆ ಒಪ್ಪಿಸಿ ಬರುತ್ತೆ. ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ನಿಮ್ಮ ಭಾರಕ್ಕೆ ಚಪ್ಪಟೆ ಆಗಿರೋದ್ರಿಂದ ಅದರಿಂದ್ಲೂ ಉಪಯೋಗ ಇಲ್ಲ. ಮ್ಯಾಟ್ ಮೇಲೆ ಆರ್-ವ್ಯಾಲ್ಯೂ ಅಂತ ಒಂದು ನಂಬರ್ ಇರುತ್ತೆ, ಅದು ಜಾಸ್ತಿ ಇದ್ದಷ್ಟೂ ನೆಲದ ಚಳಿ ತಡೆಯುತ್ತೆ. ಸಾಧಾರಣ ಫೋಮ್ ಮ್ಯಾಟ್ ಒಂದು 2ರ ಹತ್ತಿರ ಇರುತ್ತೆ, ಮತ್ತೆ ಮಜಾ ಏನಂದ್ರೆ ಒಂದರ ಮೇಲೆ ಒಂದು ಹಾಸಿದ್ರೆ ನಂಬರ್ ಕೂಡ್ಕೊಳ್ಳುತ್ತೆ. ಹಾಗಾಗಿ ಮತ್ತೊಂದು ದುಬಾರಿ ಬ್ಯಾಗ್ ಬೇಡ, ಇರೋ ಹಾಸಿಗೆಗೆ ಒಂದು ಫೋಮ್ ಮ್ಯಾಟ್ ಜೋಡಿ ಮಾಡಿ, ಎರಡು ಕಂಬಳೀಲಿ ಒಂದನ್ನ ಕೆಳಗೆ ಹಾಸಿ. ಬ್ಯಾಗ್ ತಗೊಳ್ಳೋರಿಗೆ ಒಂದು ಮಾತು, ಲೇಬಲ್ಲಲ್ಲಿ ಕಂಫರ್ಟ್, ಲಿಮಿಟ್ ಅಂತ ಎರಡು ಉಷ್ಣಾಂಶ ಇರುತ್ತೆ, ದೊಡ್ಡಕ್ಷರದಲ್ಲಿ ಲಿಮಿಟ್ ಹಾಕಿರ್ತಾರೆ, ಅದು ಮುದುಡ್ಕೊಂಡು ಹೇಗೋ ರಾತ್ರಿ ಕಳೆಯೋರ ಲೆಕ್ಕ. ನೀವು ಕಂಫರ್ಟ್ ನೋಡಿ.

ಗಟ್ಟಿ ಮುಚ್ಚಳದ ಬಾಟಲಿಗೆ ಬಿಸಿನೀರು ತುಂಬಿ ಸಾಕ್ಸ್ ಒಳಗಿಟ್ಟು ಕಾಲ ಹತ್ತಿರ ಇಟ್ಕೊಳ್ಳಿ. ಕೆಂಡದ ಆಸೆ ತೀರುತ್ತೆ.

ಪ್ರಶ್ನೆ: ಕೆರೆ ನೀರು ಕನ್ನಡಿ ಥರ ಇದೆ. ಫಿಲ್ಟರ್ ಇದ್ರೆ ಸಾಕಾ, ಕುದಿಸ್ಲೇಬೇಕಾ?

ಉತ್ತರ: ಕನ್ನಡಿ ಥರ ಇರೋದಕ್ಕೂ ಒಳ್ಳೆದಾಗಿರೋದಕ್ಕೂ ಸಂಬಂಧ ಇಲ್ಲ. 0.1 ಅಥವಾ 0.2 ಮೈಕ್ರಾನ್ ಫಿಲ್ಟರ್ ಬ್ಯಾಕ್ಟೀರಿಯಾ ಮತ್ತೆ ಜಿಯಾರ್ಡಿಯಾ ಅಂಥ ಪರೋಪಜೀವಿಗಳನ್ನ ತಡೆಯುತ್ತೆ, ವೈರಸ್ ಇನ್ನೂ ಸಣ್ಣದು, ನುಸುಳ್ಕೊಂಡು ಬಿಡುತ್ತೆ. ಕ್ಲೋರಿನ್ ಮಾತ್ರೆ ವೈರಸ್ ಕೊಲ್ಲುತ್ತೆ, ಆದ್ರೆ ಕ್ರಿಪ್ಟೊಸ್ಪೊರಿಡಿಯಂ ಅನ್ನೋ ಪರೋಪಜೀವಿ ಅದಕ್ಕೆ ಬಗ್ಗಲ್ಲ. ಕುದಿಸೋದು ಎಲ್ಲಕ್ಕೂ ಆಗುತ್ತೆ, ಕೊತಕೊತ ಕುದಿ ಬಂದ್ಮೇಲೆ 1 ನಿಮಿಷ, 2000 ಮೀಟರಿಗಿಂತ ಎತ್ತರದಲ್ಲಿದ್ರೆ 3 ನಿಮಿಷ. ಆದ್ರೆ ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಪಾಚಿ ಕೆನೆ ಕಟ್ಟಿದ್ರೆ ಆ ನೀರಿನ ಹತ್ತಿರಾನೂ ಹೋಗ್ಬೇಡಿ, ಅದರಲ್ಲಿ ವಿಷ ಇರಬಹುದು, ಅದು ಕುದಿಸಿದ್ರೂ ಹೋಗಲ್ಲ, ನೀರು ಬತ್ತಿ ಇನ್ನೂ ಗಟ್ಟಿಯಾಗುತ್ತೆ ಅಷ್ಟೇ. ಮಕ್ಕಳನ್ನ, ನಾಯೀನ ಇಳಿಸ್ಬೇಡಿ. ಕ್ಯಾಂಪ್‌ಗ್ರೌಂಡಲ್ಲಿ ಕುಡಿಯೋ ನೀರಿಂದು ಅಂತ ಬರ್ದಿರೋ ಹ್ಯಾಂಡ್ ಪಂಪ್ ಇದ್ರೆ ಈ ತಲೆನೋವೇ ಬೇಡ, ಹೊರಡೋ ಮುಂಚೆ ಕೇಳ್ಕೊಳ್ಳಿ.

ಪ್ರಶ್ನೆ: ಕೇಳೋಕೆ ಮುಜುಗರ. ಟಾಯ್ಲೆಟ್?

ಉತ್ತರ: ಮುಜುಗರ ಏನು ಬಂತು, ಕೇಳ್ದೇ ಹೋಗಿ ಮುಜುಗರ ಪಟ್ಟವರೇ ಜಾಸ್ತಿ. ಗುಂಡಿ ಪಾಯಿಖಾನೆ ಇದ್ರೆ, ವಾಸನೆ ಬಂದ್ರೂ ಅದನ್ನೇ ಬಳಸಿ, ಒಳಗೆ ಪ್ಲಾಸ್ಟಿಕ್, ಪ್ಯಾಡ್, ವೈಪ್ಸ್ ಹಾಕ್ಬೇಡಿ, ಗುಂಡಿ ಖಾಲಿ ಮಾಡೋರು ಅದನ್ನ ಮೇಲೆತ್ತಬೇಕಾಗುತ್ತೆ. ಇಲ್ದಿದ್ರೆ ಮತ್ತೆ ಅದೇ 60 ಮೀಟರ್, ನೀರಿಂದ, ದಾರಿಯಿಂದ, ಟೆಂಟಿಂದ. 15-20 ಸೆಂಟಿಮೀಟರ್ ಆಳ ಗುಂಡಿ ತೋಡಿ, ಮುಚ್ಚಿ, ಬಳಸಿದ ಟಾಯ್ಲೆಟ್ ಪೇಪರನ್ನ ಒಂದು ಕವರಲ್ಲಿ ಹಾಕಿ ವಾಪಸ್ ತನ್ನಿ. ಇನ್ನೂ ಆಳ ತೋಡಿದ್ರೆ ಒಳ್ಳೇದು ಅಂದ್ಕೋಬೇಡಿ, ಕೊಳೆಸೋ ಜೀವಿಗಳೆಲ್ಲ ಮೇಲ್ಮಣ್ಣಲ್ಲೇ ಇರೋದು. ಹಾಗೇ ಪಾತ್ರೆ ಸೋಪು ಎಷ್ಟೇ ನ್ಯಾಚುರಲ್ ಅಂತ ಬರ್ದಿರ್ಲಿ, ಕೆರೆಗೆ ಸೇರಿಸ್ಬೇಡಿ, ದೂರ ತಂದು ಮಣ್ಣಿಗೆ ಚೆಲ್ಲಿ.

ಪ್ರಶ್ನೆ: ಗುಡುಗು ಶುರುವಾದ್ರೆ ಟೆಂಟ್ ಒಳಗೆ ಇರೋದು ಸೇಫಾ?

ಉತ್ತರ: ಅಲ್ಲ. ಟೆಂಟ್ ಮಳೆಗೆ, ಸಿಡಿಲಿಗಲ್ಲ. ಮಿಂಚು ಕಂಡು 30 ಸೆಕೆಂಡ್ ಒಳಗೆ ಗುಡುಗು ಕೇಳಿದ್ರೆ ಅದು 10 ಕಿಲೋಮೀಟರ್ ಒಳಗಿದೆ ಅಂತ ಅರ್ಥ, ನೀರಿಂದ ಎದ್ದು, ಒಂಟಿ ಎತ್ತರದ ಮರದ ಹತ್ತಿರ ಹೋಗ್ದೇ, ಕಾರಲ್ಲಿ ಕೂತು ಗಾಜು ಏರಿಸಿ. ಕೊನೇ ಗುಡುಗು ಕೇಳಿದ ಮೇಲೆ 30 ನಿಮಿಷ ಕಾಯಿರಿ. ಮಧ್ಯರಾತ್ರಿ ನಿದ್ದೆ ಕೆಡಿಸ್ಕೊಂಡು ಕಾರಿಗೆ ಹೋಗೋದು ಬೇಜಾರೇ, ನಾನೂ ಗೊಣಗ್ಕೊಂಡೇ ಹೋಗ್ತೀನಿ.

ಪ್ರಶ್ನೆ: ಸೊಳ್ಳೆಗೆ ಏನು ಹಚ್ಕೋಬೇಕು? ಹೋದ್ಸಲ ಹಚ್ಕೊಂಡಿದ್ದಕ್ಕೆ ನನ್ನ ಕೂಲಿಂಗ್ ಗ್ಲಾಸ್ ಫ್ರೇಮ್ ಅಂಟಂಟಾಯ್ತು.

ಉತ್ತರ: ಅದು ಡೀಟ್ ಅನ್ನೋ ರಾಸಾಯನಿಕ ಇದ್ದ ಲೋಷನ್. ಸೊಳ್ಳೆಗೆ, ಉಣ್ಣಿಗೆ ಚೆನ್ನಾಗಿ ಕೆಲಸ ಮಾಡುತ್ತೆ, ಪ್ಲಾಸ್ಟಿಕ್ಕನ್ನೂ ತಿನ್ನುತ್ತೆ. ಅದರ ಬದಲು ಪಿಕಾರಿಡಿನ್ ಅನ್ನೋದು 20 ಪರ್ಸೆಂಟ್ ಇರೋ ಲೋಷನ್ ತಗೊಳ್ಳಿ, ಅದು ಪ್ಲಾಸ್ಟಿಕ್ ತಂಟೆಗೆ ಬರಲ್ಲ. ಅದಕ್ಕಿಂತ ಮುಖ್ಯ, ಗಾಳಿ ಆಡೋ ಜಾಗದಲ್ಲಿ ಟೆಂಟ್ ಹಾಕಿ. ಸೊಳ್ಳೆಗೆ ಗಾಳಿ ಎದುರು ಹಾರೋಕಾಗಲ್ಲ. ನೋಡಿ, ಮತ್ತೆ ಜಾಗಕ್ಕೇ ಬಂದೆ.

ಪ್ರಶ್ನೆ: ಎರಡು ವರ್ಷ ಅಟ್ಟದ ಮೇಲಿದ್ದ ಟೆಂಟ್ ಮೊನ್ನೆ ತೆಗೆದ್ರೆ ಒಳಪದರ ಅಂಟಂಟು, ಸಿಪ್ಪೆ ಥರ ಏಳ್ತಿದೆ, ಕೆಟ್ಟ ವಾಸನೆ ಬೇರೆ. ಒಗೆದ್ರೆ ಸರಿ ಹೋಗುತ್ತಾ?

ಉತ್ತರ: ಒದ್ದೆ ಇದ್ದಾಗ್ಲೇ ಮಡಚಿ ಇಟ್ಟಿದ್ರಿ ಅನ್ಸುತ್ತೆ. ಒಳಗೆ ಬಳಿದಿರೋ ಪಾಲಿಯುರೆಥೇನ್ ಪದರ ತೇವಕ್ಕೆ ನಿಧಾನವಾಗಿ ಒಡೆದು ಹೋಗುತ್ತೆ, ಒಂದ್ಸಲ ಅಂಟಂಟು ಶುರುವಾದ್ರೆ ಒಗೆದ್ರೂ ವಾಪಸ್ ಬರಲ್ಲ. ಮುಂದಿನ ಟೆಂಟ್‌ನ ಮನೆಗೆ ಬಂದ ದಿನವೇ ಬಿಚ್ಚಿ ನೆರಳಲ್ಲಿ ಪೂರ್ತಿ ಒಣಗಿಸಿ, ಬಿಗಿಯಾಗಿ ತುರುಕದೆ ಸಡಿಲವಾಗಿ ಇಡಿ. ಇದರ ಗೂಟ, ಹಗ್ಗ, ಕಂಬಿ ಮಾತ್ರ ಎಸೀಬೇಡಿ, ಒಂದಲ್ಲ ಒಂದು ರಾತ್ರಿ ಗೂಟ ಕಮ್ಮಿ ಬಿದ್ದೇ ಬೀಳುತ್ತೆ.